ಹೆಡ್‌ಫೋನಿನಲ್ಲಿ ಫೇಸ್ ಉಲ್ಟಾ ಆದರೆ ಕಿವಿಗೆ ಗೊತ್ತಾಗುತ್ತದೆಯೇ?

ಶಹಾಬಾದ್_ಕೇಳುಗ

ನಮಸ್ಕಾರ್ರಿ ಎಲ್ಲರಿಗೂ. ಹೆಡ್‌ಫೋನಿನ್ಯಾಗ ಫೇಸ್ (ಧ್ವನಿ ಅಲೆಯ ಏರಿಳಿತದ ಸ್ಥಿತಿ) ಉಲ್ಟಾ ಆದ್ರ ಕೇಳೋದ್ರಾಗ ಫರಕ್ ಬರ್ತದೇನ್ರಿ? ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನು, 32 ಓಮ್, 3.5 ಎಂಎಂ ಪಿನ್ನು, ಕೇಬಲ್ಲು ಎಡಗಡಿ ಕಪ್ಪಿಗಷ್ಟೇ ಬರ್ತದ. ಕೇಬಲ್ ಬದಲಾದ ಮ್ಯಾಲ ಹಾಡೋರ ದನಿ ತಲಿ ನಡು ನಿಲ್ಲವಲ್ದು. ಎರಡೂ ಕಡಿ ಹರಡಿಕೊಂಡು ಕಿವಿ ಹಿಂದ ಹೋದಂಗ ಅನಿಸ್ತದ. ಒಂದೊಂದೇ ಕಿವಿಗೆ ಹಚ್ಚಿ ಕೇಳಿದ್ರ ಎರಡೂ ಛಲೋನೇ ಅವ. ಅಂಗಡಿಯವ್ರು "ಫೇಸ್ ಉಲ್ಟಾ ಆದ್ರೂ ಮನುಷ್ಯಾರ ಕಿವಿಗೆ ಗೊತ್ತಾಗಂಗಿಲ್ಲ" ಅಂತಾರ. ನೆಟ್ಟಿನಾಗ ಅರ್ಧ ಮಂದಿ ಹೌದು ಅಂತಾರ, ಅರ್ಧ ಮಂದಿ ಅಲ್ಲ ಅಂತಾರ. ಯಾವುದು ಖರೇ?

ಬೆಸುಗೆ_ಬೀದರ್

ಎರಡೂ ಖರೇನೇ ಅದಾವ್ರಿ, ಆದ್ರ ಮಾತು ಎರಡು ಬ್ಯಾರೆ. ಎರಡೂ ಕಿವಿ ಡ್ರೈವರ್ (ಕಪ್ಪಿನೊಳಗ ಸದ್ದು ಮಾಡೋ ಸಣ್ಣ ಸ್ಪೀಕರು) ಕೂಡೇ ಉಲ್ಟಾ ಆಗೋದು ಒಂದು. ಒಂದೇ ಕಿವಿದು ಉಲ್ಟಾ ಆಗೋದು ಇನ್ನೊಂದು. ಮೊದಲಿಂದು ಪತ್ತೆ ಹಚ್ಚೋದು ಭಾಳ ಕಷ್ಟ. ಎರಡನೇದು ಯಾರಿಗರೆ ಹಾಕಿ ಕೇಳಿಸಿದ್ರೂ "ಇದ್ಯಾಕೋ ಸರಿ ಇಲ್ಲ" ಅಂತಾರ. ಅಂಗಡಿಯವ್ರು ಮೊದಲನೇದರ ಉತ್ತರ ಎರಡನೇದಕ್ಕ ಕೊಟ್ಟಾರ.

ಬಿಚ್ಚೋಕಿಂತ ಮೊದಲು ಇನ್ನೊಂದು ದೋಷ ಅದ, ಅದಲ್ಲ ಅಂತ ಖಾತ್ರಿ ಮಾಡ್ಕೋರಿ. ಅದೇ ಗ್ರೌಂಡ್ ತಂತಿ ಹರಿದಿರೋದು. ಪಿನ್ನಿನ ತುದಿ ಎಡ, ನಡುವಿನ ಬಳಿ (ರಿಂಗು) ಬಲ, ಬುಡ ಗ್ರೌಂಡು. ಗ್ರೌಂಡು ಎರಡೂ ಡ್ರೈವರಿಗೆ ಕೂಡಿ ಒಂದೇ. ಅದು ಹರಿದ್ರ ಕರೆಂಟು ವಾಪಸ್ ಹೋಗಾಕ ದಾರಿ ಸಿಗಂಗಿಲ್ಲ, ಎಡ ಡ್ರೈವರ್ ದಾಟಿ ಬಲ ಡ್ರೈವರಿನ ಮೂಲಕ ಹೋಗ್ತದ. ಆವಾಗ ಕಿವಿಗೆ ಬೀಳೋದು ಎಡಕ್ಕೂ ಬಲಕ್ಕೂ ಇರೋ ವ್ಯತ್ಯಾಸ ಅಷ್ಟೇ. ಎರಡೂ ಕಡಿ ಸಮ ಇರೋ ಹಾಡಿನ ದನಿ, ಬಾಸು, ಢೋಲಕ್ ಮಾಯ ಆಗ್ತಾವ. ಪ್ರತಿಧ್ವನಿ, ಕೋರಸ್ಸು ಮಾತ್ರ ತೇಲಾಡ್ತಾವ. ಭಾಳ ಮಂದಿ ಇದಕ್ಕೇ ಫೇಸ್ ಉಲ್ಟಾ ಅಂತ ಹೆಸರಿಟ್ಟು ಡ್ರೈವರ್ ತಂತಿ ಅದಲು ಬದಲು ಮಾಡಿ ಇದ್ದದ್ದೂ ಕೆಡಿಸ್ತಾರ.

ಮಲ್ಟಿಮೀಟರ್ 200 ಓಮಿಗೆ ಇಡ್ರಿ. ತುದಿಯಿಂದ ಬುಡಕ್ಕ ಸುಮಾರು 32, ಬಳಿಯಿಂದ ಬುಡಕ್ಕ ಸುಮಾರು 32, ತುದಿಯಿಂದ ಬಳಿಗೆ ಸುಮಾರು 64 ಬಂದ್ರ ತಂತಿ ಸಾಬೂತ ಅದಾವ. ಮೊದಲಿನ ಎರಡೂ ಖಾಲಿ ಇದ್ದು ತುದಿ-ಬಳಿ ಮಾತ್ರ 64 ಬಂದ್ರ ಗ್ರೌಂಡ್ ಹರಿದದ, ಬ್ಯಾರೆ ಏನೂ ಇಲ್ಲ. ಮೈಕ್ ಇರೋ ನಾಲ್ಕು ಭಾಗದ ಪಿನ್ನಾದ್ರ ಈಗಿನ ಫೋನಿನವಕ್ಕ ಎರಡನೇ ಬಳಿ ಗ್ರೌಂಡು, ಬುಡ ಮೈಕು. ಅಳೆಯೋವಾಗ ಕೇಬಲ್ ಬುಡದಾಗ ಸ್ವಲ್ಪ ಬಗ್ಗಿಸ್ರಿ, ಅಂಕಿ ಜಿಗಿದಾಡಿದ್ರ ಅಲ್ಲೇ ಒಳಗ ಹರಿದದ ಅಂತ ತಿಳೀರಿ.

ಒಂದು ಮಾತು ನೆನಪಿಡ್ರಿ: ಪೋಲಾರಿಟಿ (ಪ್ಲಸ್-ಮೈನಸ್ ತಂತಿ ಹಚ್ಚಿದ ದಿಕ್ಕು) ಉಲ್ಟಾ ಆದದ್ದು ಓಮ್ ಮೀಟರಿಗೆ ಕಾಣಂಗಿಲ್ಲ. ಡ್ರೈವರಿನ ಎರಡು ತಂತಿ ಹೆಂಗ ಅದಲು ಬದಲು ಮಾಡಿದ್ರೂ 32 ಓಮ್ 32 ಓಮೇ.

ಶಹಾಬಾದ್_ಕೇಳುಗ

ಅಳತಿ ಮಾಡಿದೆ ಅಣ್ಣಾರೆ. ತುದಿ-ಬುಡ 33, ಬಳಿ-ಬುಡ 34, ತುದಿ-ಬಳಿ 66. ಬಗ್ಗಿಸಿದ್ರೂ ಅಂಕಿ ಕದಲವಲ್ದು.

ಧ್ವನಿ_ಕಲಬುರಗಿ

ಹಾಗಾದರೆ ಗ್ರೌಂಡ್ ಸರಿ ಇದೆ, ಒಂದು ಕಡೆಯ ಪೋಲಾರಿಟಿ ತಿರುಗಿರುವ ಸಾಧ್ಯತೆಯೇ ಹೆಚ್ಚು. ಕಾರಣ ಗೊತ್ತಿದ್ದರೆ ಪರೀಕ್ಷೆ ಮಾಡುವಾಗ ಎಡವುವುದು ಕಡಿಮೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಫೇಸ್ ಮತ್ತು ಪೋಲಾರಿಟಿ ಒಂದೇ ಅಲ್ಲ. ಒಂದು ಕಿವಿಯ ಧ್ವನಿಯನ್ನು 0.5 ಮಿಲಿಸೆಕೆಂಡ್ ತಡ ಮಾಡಿದರೆ 1000 ಹರ್ಟ್ಜ್‌ನಲ್ಲಿ ಅದು ಸರಿಯಾಗಿ 180 ಡಿಗ್ರಿ. ಅದೇ ತಡ 500 ಹರ್ಟ್ಜ್‌ನಲ್ಲಿ 90 ಡಿಗ್ರಿ, 200 ಹರ್ಟ್ಜ್‌ನಲ್ಲಿ ಬರೀ 36 ಡಿಗ್ರಿ. ತಂತಿ ಅದಲು ಬದಲಾದಾಗ ಹೀಗೆ ತಡವಾಗುವುದಿಲ್ಲ. ಅಲೆಯ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗುತ್ತದೆ, ಅದೂ ಎಲ್ಲ ಆವರ್ತನಗಳಲ್ಲಿ ಒಟ್ಟಿಗೆ. ಆದ್ದರಿಂದ "ಫೇಸ್ ಉಲ್ಟಾ" ಎನ್ನುವ ಬದಲು "ಪೋಲಾರಿಟಿ ಉಲ್ಟಾ" ಎಂದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಎದುರಿನಿಂದ ಬಂದ ದನಿ ಎರಡೂ ಕಿವಿಗೆ ಒಂದೇ ಹೊತ್ತಿಗೆ ತಲುಪುತ್ತದೆ. ಪೂರ್ತಿ ಪಕ್ಕದಿಂದ ಬಂದರೆ ದೂರದ ಕಿವಿಗೆ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್ ತಡವಾಗುತ್ತದೆ. ಮಿದುಳು ಎರಡೂ ಕಿವಿಯ ಅಲೆಗಳನ್ನು ಪಕ್ಕಪಕ್ಕ ಇಟ್ಟು ಈ ತಡವನ್ನು ಅಳೆಯುತ್ತದೆ, ಆದರೆ ಅಲೆಯ ಏರಿಳಿತವನ್ನೇ ಹಿಡಿದು ಅಳೆಯಲು ಆಗುವುದು ಸುಮಾರು 1500 ಹರ್ಟ್ಜ್‌ವರೆಗೆ ಮಾತ್ರ. ಒಂದು ಕಡೆ ಪೋಲಾರಿಟಿ ತಿರುಗಿದಾಗ ಎಡ ಕಿವಿಯ ಶಿಖರದ ಎದುರು ಬಲ ಕಿವಿಯ ಕಣಿವೆ ಬರುತ್ತದೆ. ಇದಕ್ಕೆ ಸರಿಹೊಂದುವ ಒಂದೇ ತಡ ಯಾವುದೂ ಇಲ್ಲ, ಆವರ್ತನಕ್ಕೊಂದು ಉತ್ತರ ಬರುತ್ತದೆ. ಆದ್ದರಿಂದ ದನಿ ಒಂದು ಬಿಂದುವಿನಲ್ಲಿ ನಿಲ್ಲದೆ ಹರಡುತ್ತದೆ. ನೀವು ಹೇಳಿದ "ಕಿವಿ ಹಿಂದ ಹೋದಂಗ" ಎನ್ನುವುದು ಅದರ ಸರಿಯಾದ ವರ್ಣನೆ. 1500 ಹರ್ಟ್ಜ್ ಮೇಲಿನ ತಾಳ, ಝಲ್ಲರಿಗಳ ಸದ್ದು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಗಾಯಕರ ದನಿ, ತಬಲಾದ ಬಾಯಾ, ತಂಬೂರಿ ಚದುರುತ್ತವೆ.

ಕಿವಿಗಳ ನಡುವಿನ ಪೋಲಾರಿಟಿಯನ್ನು ಮಿದುಳು ಗಮನಿಸುತ್ತದೆ ಎನ್ನಲು 1948ರಷ್ಟು ಹಳೆಯ ಆಧಾರವಿದೆ. ಆ ವರ್ಷ ಸಂಶೋಧಕರಾದ ಹರ್ಶ್ ಸ್ವರಗಳನ್ನೂ ಲಿಕ್ಲೈಡರ್ ಮಾತನ್ನೂ ಬಳಸಿ, ಗದ್ದಲದ ನಡುವೆ ಕೇಳುವ ಪ್ರಯೋಗಗಳನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ಗದ್ದಲ ಎರಡೂ ಕಿವಿಗೆ ಒಂದೇ ಇದ್ದು, ಸ್ವರವನ್ನು ಮಾತ್ರ ಒಂದು ಕಿವಿಯಲ್ಲಿ ತಿರುಗಿಸಿದರೆ ಅದು ಗದ್ದಲದಿಂದ ಎದ್ದು ಕೇಳುತ್ತದೆ. 500 ಹರ್ಟ್ಜ್ ಆಸುಪಾಸು ಈ ಲಾಭ 12ರಿಂದ 15 ಡೆಸಿಬೆಲ್, ಮೇಲಿನ ಆವರ್ತನಗಳಲ್ಲಿ 2-3 ಡೆಸಿಬೆಲ್‌ಗೆ ಇಳಿಯುತ್ತದೆ. ಉಲ್ಟಾ ಆದದ್ದು ಕಿವಿಗೆ ಗೊತ್ತೇ ಆಗದಿದ್ದರೆ ಈ ಲಾಭ ಸೊನ್ನೆ ಇರಬೇಕಿತ್ತು.

ಸುರಪುರ_ಕಿವಿ

ಸರ್, ಸ್ಪೀಕರಿನಾಗ ಒಂದು ಉಲ್ಟಾ ಆದ್ರ ಬಾಸು ಸತ್ತೇ ಹೋಗ್ತದ. ಹೆಡ್‌ಫೋನಿನಾಗ ಬಾಸು ಅಷ್ಟು ಹೋಗಂಗಿಲ್ಲ ಯಾಕ?

ಧ್ವನಿ_ಕಲಬುರಗಿ

ಸ್ಪೀಕರುಗಳ ಗಾಳಿ ಕೋಣೆಯಲ್ಲಿ ಕೂಡುತ್ತದೆ ಅಕ್ಕ. ಒಂದು ತಳ್ಳಿದಾಗ ಇನ್ನೊಂದು ಎಳೆದರೆ ಕೆಳ ಆವರ್ತನ ಅಲ್ಲೇ ಅಳಿಸಿಹೋಗುತ್ತದೆ. ಹೆಡ್‌ಫೋನಿನಲ್ಲಿ ಎಡ ಕಪ್ಪಿನ ಗಾಳಿ ಎಡ ಕಿವಿಗೆ, ಬಲದ್ದು ಬಲಕ್ಕೆ. ಕೂಡುವ ಜಾಗವೇ ಇಲ್ಲ. ಮೈಕ್ ಇಟ್ಟು ಅಳೆದರೆ ಎರಡೂ ಕಿವಿಯಲ್ಲಿ ಬಾಸ್ ಪೂರ್ತಿ ಇರುತ್ತದೆ. ಕಡಿಮೆಯಾಗುವುದು ಬಾಸಿನ ಬಿಗಿ, ಅದು ನಡುವೆ ಗಟ್ಟಿಯಾಗಿ ಕೂರುವ ಗುಣ.

ಇದಕ್ಕೊಂದು ಅಪವಾದವಿದೆ. ಫೋನಿನಲ್ಲೋ ಪ್ಲೇಯರಿನಲ್ಲೋ ಕ್ರಾಸ್‌ಫೀಡ್ ಹಾಕಿದ್ದರೆ ಎಡದ ಕೆಳ ಆವರ್ತನದ ಒಂದು ಪಾಲು ಬಲಕ್ಕೂ, ಬಲದ್ದು ಎಡಕ್ಕೂ ಬೆರೆಯುತ್ತದೆ. ಹಾಡಿನ ಫೈಲಿನಲ್ಲೇ ಒಂದು ಚಾನಲ್ ಉಲ್ಟಾ ಇದ್ದರೆ ಆ ಬೆರಕೆಯಲ್ಲಿ ಬಾಸ್ ನಿಜವಾಗಿಯೂ ಕರಗುತ್ತದೆ. ಪರೀಕ್ಷೆ ಮಾಡುವಾಗ ಕ್ರಾಸ್‌ಫೀಡ್, 3ಡಿ ಸರೌಂಡ್, ಡಾಲ್ಬಿ ಎಲ್ಲ ಆಫ್ ಮಾಡಿ.

ಬಾಸ್ ಒಂದೇ ಕಡೆ ಕಡಿಮೆ ಅನಿಸಿದರೆ ಪೋಲಾರಿಟಿಗಿಂತ ಮೊದಲು ಮೆತ್ತೆ ನೋಡಿ. ನಮ್ಮ ಬೇಸಿಗೆಯ ಬಿಸಿಲಿಗೆ, ಬೆವರಿಗೆ ಕಪ್ಪಿನ ಕೃತಕ ಚರ್ಮ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಆ ಬಿರುಕಿನಿಂದ ಗಾಳಿ ಸೋರಿದರೆ ಆ ಕಡೆಯ ಬಾಸ್ ಇಳಿಯುತ್ತದೆ, ಕೆಳ ಆವರ್ತನದ ಫೇಸೂ ಸ್ವಲ್ಪ ಸರಿಯುತ್ತದೆ. ಕಪ್ಪನ್ನು ಕೈಯಿಂದ ಒತ್ತಿ ಹಿಡಿದಾಗ ಬಾಸ್ ಮರಳಿದರೆ ಮೆತ್ತೆ ಬದಲಿಸಿದರೆ ಸಾಕು.

ಬೆಸುಗೆ_ಬೀದರ್

ದೋಷ ಫೈಲಿಂದೋ ಹೆಡ್‌ಫೋನಿಂದೋ ಅಂತ ತಿಳ್ಕೊಳ್ಳಾಕ ಸಸಾರ ಹಾದಿ ಒಂದದ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಾಗ "ಮೊನೊ ಆಡಿಯೊ" ಆನ್ ಮಾಡ್ರಿ. ಆವಾಗ ಫೋನೇ ಎಡ ಬಲ ಕೂಡಿಸಿ ಎರಡಕ್ಕೂ ಒಂದೇ ಕಳಸ್ತದ. ಒಂದೇ ಹಾಡಿನಾಗ ದನಿ ಮಾಯ ಆಗಿ, ಬ್ಯಾರೆ ಹಾಡು ಸರಿ ಇದ್ರ ಆ ಫೈಲಿನ ಒಂದು ಚಾನಲ್ ಉಲ್ಟಾ. ಎಲ್ಲಾ ಹಾಡೂ ಪೂರ್ತಿ ಬಂದಾಗ್ಯೂ ಮೊನೊದಾಗೂ ದನಿ ನಡು ನಿಲ್ಲದಿದ್ರ ಹೆಡ್‌ಫೋನಿನ ಒಂದು ಕಡಿ ಉಲ್ಟಾ. ಎಲ್ಲಾ ಹಾಡಿನಾಗೂ ಎರಡೂ ಕಿವಿ ಸುಮ್ಮನಾದ್ರ ಗ್ರೌಂಡು. ಸ್ಕ್ರೂ ಡ್ರೈವರ್ ಮುಟ್ಟದೇ ಮೂರೂ ಬಿಡಿಸಿ ಗೊತ್ತಾಗ್ತಾವ.

ಯಾದಗಿರಿ_ಬಾಸ್

ಒಂದು ಕಿವಿ ಉಲ್ಟಾ ಆದ ಮಾತು ಬಿಡ್ರಿ, ಅದರಾಗ ಜಗಳಿಲ್ಲ. ಎರಡೂ ಕೂಡೇ ಉಲ್ಟಾ ಆದ್ರ ಗೊತ್ತಾಗಂಗಿಲ್ಲ ಅನ್ನೋದು ನಾ ಒಪ್ಪಂಗಿಲ್ಲ. ಡ್ರಮ್ಮಿನ ಏಟು ಬಂದಾಗ ಡಯಾಫ್ರಮ್ (ಡ್ರೈವರಿನಾಗ ಅದುರೋ ಪೊರಿ) ಕಿವಿ ಕಡಿ ಮುಂದ ಬರಬೇಕು. ಉಲ್ಟಾ ಇದ್ರ ಅದು ಹಿಂದ ಎಳೀತದ, ಏಟು ಒಳಗ ಹೀರಿದಂಗ ಆಗ್ತದ. ಇದು ಕಿವಿಗೆ ಗೊತ್ತಾಗಲೇಬೇಕು.

ಹಲಗಿ_ರೆಕಾರ್ಡಿಂಗ್

ಡ್ರಮ್ಮಿನ ಏಟಿಗೆ ಮೊದಲು ಒತ್ತಡ ಏರಲೇಬೇಕು ಅಂತ ನಿಯಮ ಇಲ್ರಿ. ಅದು ಮೈಕು ಎಲ್ಲಿ ಅದ ಅನ್ನೋದ್ರ ಮ್ಯಾಲ ನಿಂತದ. ಹಲಗಿ ತಗೋರಿ. ಮುಂದಿನಿಂದ ಕೋಲು ಬಿತ್ತಂದ್ರ ಚರ್ಮ ಹಿಂದಕ್ಕ ಹೋಗ್ತದ. ಬಾರಿಸೋ ಕಡಿ ಇಟ್ಟ ಮೈಕಿಗೆ ಮೊದಲು ಗಾಳಿ ವಿರಳ ಆಗ್ತದ, ಹಿಂದ ಇಟ್ಟ ಮೈಕಿಗೆ ಒತ್ತಡ ಏರ್ತದ. ಅದೇ ಏಟು, ಅದೇ ಹಲಗಿ, ಎರಡು ಮೈಕಿಗೆ ಎರಡು ಪೋಲಾರಿಟಿ. ಅದಕ್ಕೇ ಮುಂದ ಹಿಂದ ಎರಡೂ ಮೈಕು ಇಟ್ಟಾಗ ಮಿಕ್ಸರಿನಾಗ ಒಂದರ ಪೋಲಾರಿಟಿ ಗುಂಡಿ ಒತ್ತಬೇಕು. ಇಲ್ಲಾಂದ್ರ ಎರಡೂ ಫೇಡರ್ ಏರಿಸಿದಂಗ ಹಲಗಿ ತೆಳ್ಳಗ ಆಗ್ತದ, ಒಳಗಿನ ದಮ್ಮು ಹೋಗಿ ಬರೇ ಚಟ್ ಚಟ್ ಉಳೀತದ. ಮೊಹರಂ ಕುಣಿತದ ಹಲಗಿ ಮ್ಯಾಳ ರೆಕಾರ್ಡ್ ಮಾಡೋವ್ರು ಇದನ್ನ ಮೊದಲು ನೋಡ್ಕೋಬೇಕು.

ಇನ್ನ ಸಿನಿಮಾ ಹಾಡಿನಾಗ ಹತ್ತಾರು ಟ್ರ್ಯಾಕ್ ಇರ್ತಾವ. ದನಿ ಒಂದು ಪೋಲಾರಿಟಿ, ಢೋಲಕ್ ಇನ್ನೊಂದು, ಕೀಬೋರ್ಡಿಗೆ ಅಂತೂ ಗಾಳಿಯಾಗ ಮೂಲ ಅಲೆನೇ ಇಲ್ಲ. ಅಂಥದ್ರಾಗ "ಸರಿ ಪೋಲಾರಿಟಿ" ಯಾವುದು ಅಂತ ಹೇಳ್ತೀರಿ? ಒಂದು ಮೈಕಿಲೆ ಹಿಡಿದ ಧ್ವನಿಗಷ್ಟೇ ಆ ಮಾತು ಹೊಂದ್ತದ.

ಧ್ವನಿ_ಕಲಬುರಗಿ

ಯಾದಗಿರಿಯವರ ಮಾತನ್ನು ಪೂರ್ತಿ ತಳ್ಳಿಹಾಕುವುದು ತಪ್ಪಾಗುತ್ತದೆ. ಒಳಗಿವಿಯ ಕೂದಲಕೋಶಗಳು ಅಲೆಯ ಎರಡೂ ಅರ್ಧಕ್ಕೆ ಒಂದೇ ಸಮ ಸ್ಪಂದಿಸುವುದಿಲ್ಲ. ಒಂದು ದಿಕ್ಕಿಗೆ ಬಾಗಿದಾಗ ನರ ಚುರುಕಾಗುತ್ತದೆ, ಇನ್ನೊಂದು ದಿಕ್ಕಿಗೆ ಸುಮ್ಮನಾಗುತ್ತದೆ. ಶಿಶುಗಳಿಗೆ ಮಾಡುವ ಬೇರಾ ಶ್ರವಣ ಪರೀಕ್ಷೆಯ ಯಂತ್ರದಲ್ಲಿ ಟಕ್ ಸದ್ದನ್ನು ಒತ್ತಡದಿಂದ ಶುರುಮಾಡಬೇಕೋ, ವಿರಳತೆಯಿಂದಲೋ, ಒಂದಾದ ಮೇಲೊಂದೋ ಎಂದು ಆರಿಸುವ ವ್ಯವಸ್ಥೆಯೇ ಇದೆ, ಯಾಕೆಂದರೆ ನರದಿಂದ ಬರುವ ಅಲೆಯಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ. ಅಂದರೆ ಎರಡೂ ಕಿವಿ ಕೂಡಿ ಉಲ್ಟಾ ಆದ ಮಾಹಿತಿಯೂ ಕಿವಿಯೊಳಗೆ ಹೋಗುತ್ತದೆ. ಅದು ಕೇಳುಗರ ಅರಿವಿಗೆ ಬರುತ್ತದೆಯೇ ಎನ್ನುವುದೇ ಪ್ರಶ್ನೆ.

1982ರಲ್ಲಿ ಲಿಪ್‌ಶಿಟ್ಸ್, ಪೊಕಾಕ್, ವ್ಯಾಂಡರ್‌ಕೂಯ್ ಮೂವರು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಫೇಸ್ ವಿರೂಪ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ ಬರೆದರು. ಸರಳ ಸಿಗ್ನಲುಗಳಲ್ಲಿ ಅದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು, ಸ್ಪೀಕರಿನಲ್ಲಿ ಬಹಳ ಕಡಿಮೆ. ಸಾಮಾನ್ಯ ಸಂಗೀತ, ಮಾತಿನಲ್ಲಿ ಬಹುಮಟ್ಟಿಗೆ ಕೇಳಲಿಲ್ಲ. ಕೋಣೆಯ ಗೋಡೆಗಳಿಂದ ಮರಳಿ ಬರುವ ಅಲೆಗಳು ಆಕಾರವನ್ನು ಕದಡುತ್ತವೆ, ಹೆಡ್‌ಫೋನಿನಲ್ಲಿ ಆ ಕದಡು ಇಲ್ಲ. ಆದ್ದರಿಂದ ಪೋಲಾರಿಟಿಯ ಪರೀಕ್ಷೆಗೂ ಹೆಡ್‌ಫೋನೇ ಸರಿಯಾದ ಜಾಗ.

ಫರಕು ಸಿಗಬೇಕಾದರೆ ಅಲೆಯ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಬೇರೆ ಬೇರೆ ಆಕಾರದಲ್ಲಿರಬೇಕು. ಒಂದೇ ಸ್ವರದ ಸೈನ್ ಅಲೆಯನ್ನು ತಿರುಗಿಸಿದರೆ ಅದು ಅರ್ಧ ಚಕ್ರ ಸರಿದ ಅದೇ ಅಲೆ, ಅಲ್ಲಿ ಕೇಳಲು ಏನೂ ಇಲ್ಲ. ಮನುಷ್ಯರ ದನಿ, ತುತ್ತೂರಿ, ಹಾರ್ಮೋನಿಯಂ ಇವುಗಳ ಅಲೆ ಓರೆ. ಹಾರ್ಮೋನಿಯಂನ ರೀಡು ಗಾಳಿಯನ್ನು ತುಂಡು ತುಂಡಾಗಿ ಬಿಡುವುದರಿಂದ ಅದರ ಅಲೆ ಒಂದು ಕಡೆಗೆ ಚೂಪಾಗಿರುತ್ತದೆ. ಹತ್ತಿರ ಒಂದೇ ಮೈಕಿಟ್ಟು ಹಿಡಿದ ತತ್ವಪದದ ಭಜನೆ, ಹಾರ್ಮೋನಿಯಂ ಸಮೇತ, ಒಳ್ಳೆಯ ಪರೀಕ್ಷಾ ಸಾಮಗ್ರಿ. ರೇಡಿಯೊದಿಂದ ರೆಕಾರ್ಡ್ ಮಾಡಿಕೊಂಡ ದನಿ ಬೇಡ. ಪ್ರಸಾರದ ಪ್ರೊಸೆಸರುಗಳಲ್ಲಿರುವ ಫೇಸ್ ರೊಟೇಟರ್ ಮಾತಿನ ಓರೆಯನ್ನು ಬೇಕೆಂದೇ ಸಮ ಮಾಡುತ್ತದೆ. ಮೇಲೂ ಕೆಳಗೂ ಸಮ ಆದ ಮೇಲೆ ತಿರುಗಿಸಿದರೆ ಏನೂ ಉಳಿಯುವುದಿಲ್ಲ.

ಯಾದಗಿರಿ_ಬಾಸ್

ಹಂಗಾದ್ರ ಪರೀಕ್ಷಾ ಹೆಂಗ ಮಾಡಬೇಕು ಹೇಳ್ರಿ. ಎಲ್ಲರೂ ಮಾಡಿ ನೋಡೋಣು.

ಧ್ವನಿ_ಕಲಬುರಗಿ

ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿ ಸಾಕು, ಪುಕ್ಕಟೆ ಸಿಗುತ್ತದೆ. ಪ್ರಾಜೆಕ್ಟ್ ರೇಟ್ 48000ಕ್ಕೆ ಇಡಿ. ಟೋನ್ ಜನರೇಟರಿನಿಂದ 200 ಹರ್ಟ್ಜ್ ಸೈನ್, ಎತ್ತರ 0.5, ಉದ್ದ 5 ಸೆಕೆಂಡ್, ಒಂದು ಟ್ರ್ಯಾಕ್. ಅದರ ಕೆಳಗೆ ಹೊಸ ಟ್ರ್ಯಾಕಿನಲ್ಲಿ 400 ಹರ್ಟ್ಜ್, ಎತ್ತರ 0.25. ಹೀಗೇ ಬೆರೆಸಿದರೆ ಮೇಲೂ ಕೆಳಗೂ ಸಮ ಎತ್ತರದ ಅಲೆ ಬರುತ್ತದೆ, ಪ್ರಯೋಜನವಿಲ್ಲ. ಆಯ್ಕೆಯ ಪಟ್ಟಿಯನ್ನು ಸ್ಯಾಂಪಲ್‌ಗೆ ಬದಲಿಸಿ, ಮೊದಲ ಟ್ರ್ಯಾಕಿನ ಆರಂಭದಿಂದ 60 ಸ್ಯಾಂಪಲ್, ಎರಡನೆಯದರ ಆರಂಭದಿಂದ 30 ಸ್ಯಾಂಪಲ್ ಅಳಿಸಿ. ಎರಡೂ ತಮ್ಮ ತಮ್ಮ ಕಾಲು ಚಕ್ರ ಮುಂದೆ ಸರಿದು ಶಿಖರದಿಂದ ಶುರುವಾಗುತ್ತವೆ. ಅಳಿಸುವಾಗ ಸಿಂಕ್-ಲಾಕ್ ಆಫ್ ಇರಲಿ, ಇಲ್ಲದಿದ್ದರೆ ಎರಡೂ ಟ್ರ್ಯಾಕ್ ಕೂಡಿ ಸರಿದುಬಿಡುತ್ತವೆ. ಈಗ ಬೆರೆಸಿ ದೊಡ್ಡದು ಮಾಡಿ ನೋಡಿ: ಮೇಲಿನ ಶಿಖರ 0.75, ಕೆಳಗಿನ ತಳ 0.375. ಒಂದಕ್ಕೆ ಎರಡರಷ್ಟು ಓರೆ. ಕೊನೆಯಲ್ಲಿ ಉಳಿದ ಬಾಲ ಕತ್ತರಿಸಿ, ಶುರು ಮತ್ತು ಕೊನೆಗೆ 50 ಮಿಲಿಸೆಕೆಂಡಿನ ಫೇಡ್ ಕೊಡಿ. ಇಲ್ಲದಿದ್ದರೆ ಟಕ್ ಸದ್ದೇ ಗುರುತಾಗಿಬಿಡುತ್ತದೆ. ಇದನ್ನೊಂದು ಫೈಲಾಗಿ ಉಳಿಸಿ, ಆಮೇಲೆ ಎಫೆಕ್ಟ್ ಪಟ್ಟಿಯ ಇನ್ವರ್ಟ್ ಒತ್ತಿ ಎರಡನೆಯದಾಗಿ ಉಳಿಸಿ. ವೇವ್ ಫೈಲೇ ಆಗಿರಲಿ.

ಕೇಳುವುದು ಕುರುಡು ಪರೀಕ್ಷೆಯಲ್ಲೇ, ಅಂದರೆ ಯಾವ ಫೈಲ್ ಎಂದು ಗೊತ್ತಿಲ್ಲದೆಯೇ ಆಗಬೇಕು. ಫೂಬಾರ್2000 ಎಂಬ ಪ್ಲೇಯರಿಗೆ ಎಬಿಎಕ್ಸ್ ಜೋಡಣೆ ಇದೆ, ಎಕ್ಸ್ ಎನ್ನುವುದು ಎ ಫೈಲೋ ಬಿ ಫೈಲೋ ಎಂದು ಕೇಳಿ ಹೇಳಬೇಕು. 16 ಸಲ ಕೇಳಿ, 12 ಅಥವಾ ಹೆಚ್ಚು ಸರಿ ಬಂದರೆ ಅದು ಬರೀ ಊಹೆಯಿಂದ ಬರುವ ಸಾಧ್ಯತೆ 4 ಪ್ರತಿಶತಕ್ಕಿಂತ ಕಡಿಮೆ. ಹತ್ತೇ ಸಲ ಕೇಳುವುದಾದರೆ 9 ಸರಿ ಬರಬೇಕು, 8 ಸಾಲದು. ಎಷ್ಟು ಸಲ ಎಂದು ಮೊದಲೇ ನಿಶ್ಚಯಿಸಿ. ಸರಿ ಬರುವ ತನಕ ಮುಂದುವರಿಸುವುದು ಪರೀಕ್ಷೆಯಲ್ಲ. ತಂತಿಯ ಹೆಡ್‌ಫೋನೇ ಬಳಸಿ, ಈಕ್ವಲೈಸರ್ ಬಂದ್ ಮಾಡಿ. ಫ್ಯಾನು, ಕೂಲರಿನ ಸದ್ದಿನಲ್ಲಿ ಇಂಥ ಸಣ್ಣ ಫರಕು ಮುಳುಗಿಹೋಗುತ್ತದೆ, ರಾತ್ರಿ ಅವನ್ನು ನಿಲ್ಲಿಸಿ ಕೇಳಿ.

ಫರಕು ಕೇಳಿಸಿದರೂ ಕೂಡಲೇ ಅದು ಕಿವಿಯದ್ದೇ ಎನ್ನಬೇಡಿ. ಡ್ರೈವರು ತಾನೇ ಸ್ವಲ್ಪ ಎರಡನೇ ಹಾರ್ಮೋನಿಕ್ ಹುಟ್ಟಿಸುತ್ತದೆ. 200 ಹರ್ಟ್ಜ್ ಕೊಟ್ಟರೆ 400 ಹರ್ಟ್ಜಿನ ಸಣ್ಣ ಬೆರಕೆ ಬರುತ್ತದೆ. ಸಿಗ್ನಲ್ ತಿರುಗಿಸಿದಾಗ ಈ ಬೆರಕೆ ತಿರುಗುವುದಿಲ್ಲ. ಆದ್ದರಿಂದ ಒಂದು ಪೋಲಾರಿಟಿಯಲ್ಲಿ ಅದು ನಿಮ್ಮ 400 ಹರ್ಟ್ಜಿಗೆ ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ. ಆಗ ಕೇಳಿಸುವುದು ನಿಜವಾದ ಮಟ್ಟದ ಫರಕು, ಅದೂ ಹೆಡ್‌ಫೋನಿನದ್ದು. ದನಿಯನ್ನು 10 ಡೆಸಿಬೆಲ್ ಇಳಿಸಿದರೆ ಈ ಬೆರಕೆಯ ಪಾಲೂ 10 ಡೆಸಿಬೆಲ್ ಇಳಿಯುತ್ತದೆ. ಇಳಿಸಿದ ಮೇಲೆ ಫರಕು ಮಾಯವಾದರೆ ಡ್ರೈವರಿನ ಮೇಲೆ ಅನುಮಾನ ಪಡಿ. "ಎರಡೂ ಉಲ್ಟಾ ಆದದ್ದು ಕೇಳಿಸುತ್ತದೆ" ಎನ್ನುವ ಅನೇಕ ವರದಿಗಳಲ್ಲಿ ಈ ಒಂದು ಹೆಜ್ಜೆ ಇರುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಕೊರತೆ.

ಯಾದಗಿರಿ_ಬಾಸ್

ಈ ಎರಡನೇ ಹಾರ್ಮೋನಿಕ್ ಮಾತು ಲೆಕ್ಕಕ್ಕ ತಗೊಂಡಿರಲಿಲ್ರಿ. ಅದು ಒಪ್ಪಿದೆ. ಏಟು "ಒಳಗ ಹೀರ್ತದ" ಅನ್ನೋ ಮಾತು ವಾಪಸ್ ತಗೋತೀನಿ, ಹಲಗಿ ಉದಾಹರಣೆ ಮುಂದ ಅದು ನಿಲ್ಲಂಗಿಲ್ಲ. ಆದ್ರ ಒಂಟಿ ದನಿಯಾಗ, ಹಾರ್ಮೋನಿಯಂದಾಗ ಫರಕು ಬರಬಹುದು ಅನ್ನೋದು ಬಿಡಂಗಿಲ್ಲ.

ಧ್ವನಿ_ಕಲಬುರಗಿ

ಅದನ್ನು ಬಿಡಬೇಕಾಗಿಯೂ ಇಲ್ಲ. ಬಂದರೆ ಬಣ್ಣದಲ್ಲಿ, ಅಂದರೆ ದನಿಯ ಗರಗಸದಂಥ ಒರಟಿನಲ್ಲಿ ಒಂದಿಷ್ಟು ಬದಲಾವಣೆ ಬರುತ್ತದೆ. ಜಾಗ, ನಡು, ಅಗಲ ಬದಲಾಗುವುದಿಲ್ಲ. ಎರಡೂ ಉಲ್ಟಾ ಆದಾಗ "ಸ್ಟೇಜ್ (ದನಿಗಳು ಹರಡಿದಂತೆ ಕೇಳುವ ಜಾಗ) ಅಗಲವಾಯಿತು" ಎಂದು ಯಾರಾದರೂ ಹೇಳಿದರೆ ಮೊದಲು ಅವರ ಒಂದೇ ಕಡೆ ತಿರುಗಿದೆಯೇ ನೋಡಬೇಕು.

ಸುರಪುರ_ಕಿವಿ

ಕಿವಿಯೊಳಗ ಹಾಕೋ ಇಯರ್‌ಫೋನಿನವ್ರಿಗೆ ಒಂದು ಮಾತು. 0.78 ಎಂಎಂ ಎರಡು ಪಿನ್ನಿನ ಬಿಚ್ಚೋ ಕೇಬಲ್ ಇದ್ದವು ಒಂದು ಕಡಿ ತಿರುವಿ ಹಾಕಿದ್ರ ಆ ಕಿವಿ ಉಲ್ಟಾ. ಎರಡು ಪಿನ್ನೂ ಒಂದೇ ದಪ್ಪ, ಹೆಂಗ ಹಾಕಿದ್ರೂ ಹೊಕ್ಕತಾವ. ಬೆಸುಗೆ ಬ್ಯಾಡ, ಏನೂ ಬ್ಯಾಡ, ಕೀಳಿ ತಿರುಗಿಸಿ ಹಾಕಿದ್ರ ಆಯ್ತು. ಕಿವಿ ಮ್ಯಾಲ ಹಾದು ಹೋಗೋ ಕೊಕ್ಕಿ ಇರೋ ಕೇಬಲಿನಾಗ ಎರಡೂ ಕೊಕ್ಕಿ ಒಂದೇ ರೀತಿ ಬಾಗ್ಯಾವೇನು ನೋಡ್ರಿ, ಒಂದು ಮುಖ ತಿರುವಿದ್ರ ಅದೇ. ಎಂಎಂಸಿಎಕ್ಸ್ ಗುಂಡಿಯಂಥ ಜೋಡಣೆಗೆ ಈ ಕಾಟ ಇಲ್ಲ, ನಡುವಿನ ಮೊಳೆ ಒಂದು, ಸುತ್ತಿನ ಬಳಿ ಒಂದು, ತಿರುಗಾಕ ದಾರಿನೇ ಇಲ್ಲ.

ಸರ್, ಒಂದೇ ಕಿವಿಯಾಗ ಮೂರು ನಾಲ್ಕು ಡ್ರೈವರ್ ಇದ್ದವಕ್ಕ ಒಳಗೇ ಒಂದು ಉಲ್ಟಾ ಕಟ್ಟಿರ್ತಾರಂತಲ್ಲ?

ಧ್ವನಿ_ಕಲಬುರಗಿ

ಹೌದು ಅಕ್ಕ, ಅದು ಬೇಕೆಂದೇ ಮಾಡಿದ್ದು. ಆವರ್ತನಗಳನ್ನು ಡ್ರೈವರುಗಳಿಗೆ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟು, ಅವೆರಡೂ ಕೂಡುವ ಆವರ್ತನದಲ್ಲಿ ಎರಡು ಡ್ರೈವರುಗಳ ಫೇಸನ್ನು ದೂರ ಮಾಡುತ್ತದೆ. ಒಂದನ್ನು ತಿರುಗಿಸಿ ಕಟ್ಟಿದರೆ ಅಲ್ಲಿ ಎರಡೂ ಕೂಡುತ್ತವೆ. "ಸರಿ ಮಾಡುತ್ತೇನೆ" ಎಂದು ಅದನ್ನು ತಿರುಗಿಸಿದರೆ ಆ ಆವರ್ತನದಲ್ಲಿ ಹಳ್ಳ ಬೀಳುತ್ತದೆ. ಅಂಥವುಗಳಲ್ಲಿ ಎಡವೂ ಬಲವೂ ಒಂದೇ ತರ ಇದೆಯೇ ಎಂಬುದನ್ನಷ್ಟೇ ನೋಡಬೇಕು.

ಗದ್ದಲ ತಗ್ಗಿಸುವ ಹೆಡ್‌ಫೋನಿಗೂ ಈ ಎಚ್ಚರಿಕೆ ಬೇಕು. ಕಪ್ಪಿನ ಒಳಗಿನ ಮೈಕ್ ಕೇಳಿದ್ದನ್ನು ಸರ್ಕ್ಯೂಟು ತಿರುಗಿಸಿ ಡ್ರೈವರಿಗೆ ಕೊಟ್ಟು ಅಳಿಸುತ್ತದೆ. ಡ್ರೈವರಿನ ತಂತಿ ಅದಲು ಬದಲಾದರೆ ಅಳಿಸಬೇಕಾದದ್ದು ಕೂಡುತ್ತದೆ, ಆನ್ ಮಾಡಿದ ಕೂಡಲೇ ಗುಂಯ್ಯೆಂದು ಕೂಗುತ್ತದೆ. ಹಾಗೆ ಕೂಗಿದರೆ ಕಿವಿಯಿಂದ ತಕ್ಷಣ ತೆಗೆಯಿರಿ.

ಶಹಾಬಾದ್_ಕೇಳುಗ

ಮೊನೊ ಪರೀಕ್ಷಾ ಮಾಡಿದೆ. ಎಲ್ಲಾ ಹಾಡೂ ಪೂರ್ತಿ ಬರ್ತಾವ, ದನಿ ಮಾತ್ರ ನಡು ನಿಲ್ಲಂಗಿಲ್ಲ. ಯಾವ ಕಡಿ ಉಲ್ಟಾ ಅಂತ ಹೆಂಗ ಹುಡುಕೋದು ಅಣ್ಣಾರೆ?

ಬೆಸುಗೆ_ಬೀದರ್

ಮುಳ್ಳಿನ ಮೀಟರ್ ಸಿಕ್ಕರ ಭಾಳ ಛಲೋ, ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಾಗ ಕೇಳಿ ನೋಡ್ರಿ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಷ್ಟೇ ಅಂಕಿ ಬದಲಸ್ತದ, ಸಣ್ಣ ಏಟು ತಪ್ಪಿಸಿಕೊಳ್ತದ. ಅದೇ ಇದ್ರ 200 ಮಿಲಿವೋಲ್ಟ್ ಡಿಸಿಗೆ ಇಟ್ಟು ನಾಲ್ಕೈದು ಸಲ ಮಾಡ್ರಿ. ಮುಳ್ಳಿಂದಾದ್ರ ಎಲ್ಲಕ್ಕಿಂತ ಸಣ್ಣ ಮೈಕ್ರೊಆಂಪ್ ರೇಂಜ್.

ಕೆಂಪು ತಂತಿ ಪಿನ್ನಿನ ತುದಿಗೆ, ಕರೇದು ಬುಡಕ್ಕ. ಎಡ ಕಪ್ಪು ಅಂಗೈ ಮ್ಯಾಲ ಬೋರಲು ಇಡ್ರಿ, ಮೆತ್ತೆ ಸುತ್ತ ಗಾಳಿ ಹೋಗದಂಗ. ಈಗ ಕಪ್ಪನ್ನ ಟಪ್ಪಂತ ಅಂಗೈಗೆ ಒತ್ರಿ. ಒಳಗಿನ ಗಾಳಿ ಡಯಾಫ್ರಮ್ಮನ್ನ ಹಿಂದಕ್ಕ ತಳ್ತದ, ಸುರುಳಿ ಅಯಸ್ಕಾಂತದಾಗ ಸರೀತದ, ಮುಳ್ಳು ಒಂದು ಕಡಿ ಜಿಗೀತದ. ಸರಿ ಕಟ್ಟಿದ ಡ್ರೈವರಾದ್ರ ಒತ್ತಿದಾಗ ಮೈನಸ್ ಕಡಿ, ಬಿಟ್ಟಾಗ ಪ್ಲಸ್ ಕಡಿ. ಸೊನ್ನೆ ಕೆಳಗ ಹೋಗಾಕ ಆಗದ ಮೀಟರಾದ್ರ ಬಿಡೋ ಹೊತ್ತಿನ ಜಿಗಿತ ನೋಡ್ರಿ. ಇನ್ನ ಕೆಂಪು ತಂತಿ ನಡುವಿನ ಬಳಿಗೆ ಹಚ್ಚಿ ಬಲ ಕಪ್ಪಿಗೂ ಹಂಗೇ ಮಾಡ್ರಿ. ಎರಡೂ ಒಂದೇ ಕಡಿ ಜಿಗಿಬೇಕು. ಜಿಗಿತದ ಎತ್ತರ ನೋಡಬ್ಯಾಡ್ರಿ, ದಿಕ್ಕಷ್ಟೇ ನೋಡ್ರಿ.

ಮೀಟರಿನಾಗ ಏನೂ ಹಿಡಿಯದಿದ್ರ ಸೆಲ್ಲು. 1.5 ವೋಲ್ಟಿನ ಪೆನ್ಸಿಲ್ ಸೆಲ್ ನೇರ ಹಚ್ಚಬ್ಯಾಡ್ರಿ. 32 ಓಮಿಗೆ ಸುಮಾರು 47 ಮಿಲಿಆಂಪ್ ಹರೀತದ, ಸುರುಳಿ ಸುಡದಿದ್ರೂ ಡಯಾಫ್ರಮ್ ಜೋರ ಜಿಗೀತದ, ಸಣ್ಣ ಇಯರ್‌ಫೋನಿಗಂತೂ ಅದು ಭಾರ. ದೊಡ್ಡ ಹೆಡ್‌ಫೋನಿಗೆ 100 ಓಮ್ ರೆಸಿಸ್ಟರ್ ಸರಣಿಯಾಗ ಹಾಕ್ರಿ, ಹನ್ನೊಂದು ಮಿಲಿಆಂಪಿನಷ್ಟು ಬರ್ತದ. ಮೆತ್ತೆ, ಬಟ್ಟೆ ತೆಗೆದು ಓರೆ ಬೆಳಕಿನಾಗ ನೋಡ್ರಿ. ಸೆಲ್ಲಿನ ಪ್ಲಸ್ ಸಿಗ್ನಲ್ ತಂತಿಗೆ ಮುಟ್ಟಿಸಿದಾಗ ಡಯಾಫ್ರಮ್ ಕಿವಿ ಕಡಿ ಬರಬೇಕು. ಕಿವಿಗೆ ಹಾಕ್ಕೊಂಡು ಮಾತ್ರ ಮಾಡಬ್ಯಾಡ್ರಿ.

ಹಲಗಿ_ರೆಕಾರ್ಡಿಂಗ್

ಬಿಚ್ಚದೇ ಮಾಡೋ ಇನ್ನೊಂದು ಉಪಾಯ. ಎರಡು ಕಪ್ಪೂ ಎದುರು ಬದುರು ಜೋಡಿಸಿ ನಡು ಇನ್ನೊಂದು ಫೋನಿನ ಮೈಕಿನ ತುದಿ ಇಡ್ರಿ. 100 ಹರ್ಟ್ಜ್ ಮೊನೊ ಟೋನ್ ಹಾಕಿ ಮಟ್ಟ ನೋಡ್ರಿ. ಆಮ್ಯಾಲ ಒಂದು ಚಾನಲ್ ಇನ್ವರ್ಟ್ ಮಾಡಿದ ಫೈಲ್ ಹಾಕ್ರಿ. ಇನ್ವರ್ಟ್ ಮಾಡಿದ್ದೇ ಜೋರು ಬಂದ್ರ ಹೆಡ್‌ಫೋನಿನ ಒಂದು ಕಡಿ ಉಲ್ಟಾ ಅಂತ ಪಕ್ಕಾ. ಯಾವ ಕಡಿ ಅಂತ ಇದು ಹೇಳಂಗಿಲ್ಲ. ಅದು ಬೇಕಂದ್ರ ಫೋನ್ ಮೈಕಿನ ಸ್ವಂತ ಪೋಲಾರಿಟಿ ಗೊತ್ತಿರಬೇಕು. ಎರಡು ಮೀಟರ್ ದೂರ ಒಂದು ಸಣ್ಣ ಬಲೂನು ಒಡೆದು ವೇವ್ ರೆಕಾರ್ಡರಿನಾಗ ಹಿಡೀರಿ. ಬಲೂನಿನ ಸದ್ದು ಒತ್ತಡ ಏರಿಕಿಯಿಂದ ಶುರು ಆಗ್ತದ. ರೆಕಾರ್ಡಿಂಗಿನ ಮೊದಲ ಗೀಟು ಮ್ಯಾಲ ಹೋದ್ರ ಮೈಕು ನೆಟ್ಟಗ ಅದ, ಕೆಳಗ ಹೋದ್ರ ಉಲ್ಟಾ. ಆಮ್ಯಾಲ ಕಪ್ಪಿನೊಳಗ ಮೈಕ್ ಇಟ್ಟು ಮ್ಯಾಲ ಏಳೋ ಒಂದು ಟಕ್ ನುಡಿಸಿ ನೋಡ್ರಿ. ಗದ್ದಲ ತೆಗೆಯೋ ಸೆಟ್ಟಿಂಗ್ ಆಫ್ ಇಲ್ಲಾಂದ್ರ ಎಲ್ಲಾ ವ್ಯರ್ಥ.

ಶಹಾಬಾದ್_ಕೇಳುಗ

ಮುಳ್ಳಿನ ಮೀಟರಿನಾಗ ನೋಡಿದೆ. ಎಡ ಕಪ್ಪು ಒತ್ತಿದ್ರ ಮೈನಸ್, ಬಲ ಕಪ್ಪು ಒತ್ತಿದ್ರ ಪ್ಲಸ್. ಐದು ಸಲನೂ ಹಂಗೇ. ಬಲ ಕಪ್ಪಿನಾಗ ಬರೋ ತಂತಿ ಎರಡೂ ಕರೇವೇ ಅದಾವ, ಯಾವುದು ಗ್ರೌಂಡ್ ತಿಳೀವಲ್ದು.

ಬೆಸುಗೆ_ಬೀದರ್

ಅಲ್ಲೇ ಅದ ನೋಡ್ರಿ ಮೂಲ. ಒಂದೇ ಕಡಿ ಕೇಬಲ್ ಬರೋ ಹೆಡ್‌ಫೋನಿನಾಗ ಬಲಕ್ಕ ಹೋಗೋ ಎರಡು ತಂತಿ ತಲಿ ಪಟ್ಟಿಯೊಳಗಿಂದ ಹೋಗ್ತಾವ. ಎರಡೂ ಒಂದೇ ಬಣ್ಣ ಇದ್ರ ಎಡ ಕಪ್ಪಿನಾಗ ಮತ್ತ ಜೋಡಿಸೋವಾಗ ಅದಲು ಬದಲಾಗ್ತಾವ. ಅದಕ್ಕ ಬಲ ಕಪ್ಪು ಬಿಚ್ಚಬ್ಯಾಡ್ರಿ, ಎಡ ಕಪ್ಪು ಬಿಚ್ರಿ. ಹೊಸ ಕೇಬಲಿನ ಕೆಂಪು ಬಲದ ಸಿಗ್ನಲ್, ಹಸಿರೋ ನೀಲಿಯೋ ಎಡದ್ದು, ತಾಮ್ರ ಬಣ್ಣದ್ದು ಗ್ರೌಂಡ್. ಬಣ್ಣ ನಂಬಬ್ಯಾಡ್ರಿ, ಪಿನ್ನಿನಿಂದ ಮೀಟರಿನಾಗ ಬೀಪ್ ಮಾಡಿ ಖಾತ್ರಿ ಮಾಡ್ಕೋರಿ. ಕೆಂಪಿಗೆ ಕೂಡಿದ ಕರೇ ತಂತಿ ಬಿಡಿಸಿ ಗ್ರೌಂಡಿಗೆ, ಗ್ರೌಂಡಿಗೆ ಕೂಡಿದ್ದು ಬಿಡಿಸಿ ಕೆಂಪಿಗೆ. ಇಷ್ಟೇ ಕೆಲಸ.

ಬೆಸುಗೆ ಕಬ್ಬಿಣ 25 ವ್ಯಾಟಿಂದು ಸಾಕು, ಶಾಖ ಹೊಂದಿಸೋದಾದ್ರ 350 ಡಿಗ್ರಿ, 60/40 ಸೀಸ. ಹೊಸ ಕೇಬಲಿನ ತಂತಿ ಮ್ಯಾಲ ಬಣ್ಣದ ವಾರ್ನಿಷ್ ಇರ್ತದ, ನಡು ನಾರಿನ ಎಳೆ ಇರ್ತದ. ತುದಿಗೆ ಒಂದು ಹನಿ ಸೀಸ ತಗೊಂಡು ತಂತಿ ಅದರಾಗ ಎರಡು ಮೂರು ಸೆಕೆಂಡ್ ಅದ್ದಿ ಹಿಡೀರಿ. ಸಣ್ಣ ಹೊಗಿ ಬಂದು ಬಣ್ಣ ಹೋಗಿ ಬೆಳ್ಳಗ ಮಿಂಚಿದ್ರ ಹಿಡಿದದ ಅಂತ ಅರ್ಥ. ಮಿಂಚದೇ ಹನಿ ಉರುಳಿ ಹೋದ್ರ ವಾರ್ನಿಷ್ ಉಳಿದದ, ಅದರ ಮ್ಯಾಲ ಬೆಸೆದ್ರ ನಾಳೆ ಬಿಡ್ತದ. ನಾರಿನ ಎಳೆ ಕತ್ತರಿಸಿ ತೆಗೀರಿ. ಕುಗ್ಗೋ ಕೊಳವಿ ಬೆಸೆಯೋಕಿಂತ ಮೊದಲೇ ತಂತಿಗೆ ಏರಿಸಿಡ್ರಿ.

ಎಡ ಡ್ರೈವರಿನ ಬೆಸುಗೆ ಚುಕ್ಕಿ ಮುಟ್ಟೋ ಪ್ರಸಂಗ ಬಂದ್ರ ಎರಡು ಸೆಕೆಂಡಿಗಿಂತ ಹೆಚ್ಚು ಕಬ್ಬಿಣ ಇಡಬ್ಯಾಡ್ರಿ. ಆ ಚುಕ್ಕಿಯಿಂದ ಸುರುಳಿಗೆ ಹೋಗೋ ಎಳೆ ತಲಿಗೂದಲಿಗಿಂತ ಸಣ್ಣದಿರ್ತದ, ಸುತ್ತಿನ ಪ್ಲಾಸ್ಟಿಕ್ ಕರಗಿದ್ರ ಅದು ಎಳೆದುಕೊಂಡು ಹರೀತದ, ಆವಾಗ ಡ್ರೈವರ್ ಬದಲಿ ಮಾಡದೇ ಹಾದಿ ಇಲ್ಲ. ಕಬ್ಬಿಣದ ತುದಿ ಅಯಸ್ಕಾಂತ ಎಳೀತದ, ಕೈ ಬಿಗಿ ಇರಲಿ.

4.4 ಎಂಎಂ ಬ್ಯಾಲನ್ಸ್ಡ್ ಪಿನ್ನಿನ ಕೇಬಲ್ ಹಾಕೋವ್ರು ಇದೇ ರೀತಿ ಎರಡು ಗ್ರೌಂಡ್ ಕೂಡಿಸಬಾರದು. ಅಲ್ಲಿ ಎಡದ ಮೈನಸ್ಸು, ಬಲದ ಮೈನಸ್ಸು ಎರಡೂ ಬ್ಯಾರೆ, ಎರಡರಾಗೂ ಸಿಗ್ನಲ್ ಹರೀತದ. ಕೂಡಿಸಿದ್ರ ಆಂಪ್ಲಿಫೈಯರಿನ ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್ ಆಗ್ತಾವ.

ಕಪ್ಪು ಮುಚ್ಚೋಕಿಂತ ಮೊದಲು ಮತ್ತ ಮುಳ್ಳಿನ ಮೀಟರ್ ಹಚ್ಚಿ ಎರಡೂ ಕಡಿ ಒತ್ತಿ ನೋಡ್ರಿ. ಎರಡೂ ಮೈನಸ್ ಕಡಿ ಜಿಗಿದ್ರ ಕೇಬಲ್ ಒಳಗ ಬರೋ ಜಾಗದಾಗ ಒಂದು ಗಂಟು ಹಾಕ್ರಿ, ಜಗ್ಗಿದ್ರ ಭಾರ ಬೆಸುಗೆ ಮ್ಯಾಲ ಬೀಳಬಾರದು. ಬಿಸಿ ಅಂಟಿನ ಒಂದು ಹನಿ ಗಂಟಿಗಷ್ಟೇ ಹಚ್ರಿ, ಡ್ರೈವರ್ ಹಿಂದಿನ ಸಣ್ಣ ತೂತಿನ ಕಾಗದ ಮುಚ್ಚಬ್ಯಾಡ್ರಿ. ಅದು ಮುಚ್ಚಿದ್ರ ಆ ಕಡಿ ಬಾಸು ಬದಲಾಗ್ತದ, ಮತ್ತ ಫೇಸ್ ಉಲ್ಟಾ ಅಂತ ಇಲ್ಲಿಂದಲೇ ಶುರು ಮಾಡಬೇಕಾಗ್ತದ.